ನಷ್ಟ ಯಾರ ಪಾಲಿಗೆ? ಕಂಪನಿ ನಾಟಕದ ಹಣಕಾಸು



ವೃತ್ತಿ ರಂಗಭೂಮಿಯ ಮೇಲೆ ಉಪನ್ಯಾಸ ಎಂದರೆ ರಂಗಗೀತೆ, ಕಂಚಿನ ಕಂಠ, ಝಗಮಗಿಸುವ ಸೀನರಿ ಎಂದು ನೀವು ನಿರೀಕ್ಷಿಸುವುದು ಸಹಜ. ಅದನ್ನು ಹೇಳಬಲ್ಲವರು, ಹೇಳುವುದೇನು, ಹಾಡಿ ತೋರಿಸಬಲ್ಲವರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ನಾನು ವಾಣಿಜ್ಯಶಾಸ್ತ್ರ ಪಾಠ ಹೇಳಿಕೊಂಡು ಬಂದವನು. ಪರದೆಯ ಹಿಂದಿನ ಮಾತಿಗಿಂತ ಗಲ್ಲಾದ ಕಿಟಕಿಯ ಹಿಂದಿನ ಮಾತು ನನಗೆ ಸ್ವಲ್ಪ ಹೆಚ್ಚು ತಿಳಿಯುತ್ತದೆ. ಆದ್ದರಿಂದ ಇವತ್ತು ಒಂದೇ ಪ್ರಶ್ನೆ ಹಿಡಿದುಕೊಂಡು ಮಾತಾಡುತ್ತೇನೆ: ನಾಟಕ ಗೆದ್ದರೆ ದುಡ್ಡು ಯಾರಿಗೆ, ಸೋತರೆ ನಷ್ಟ ಯಾರ ಪಾಲಿಗೆ?

ನೂರೈವತ್ತು ವರ್ಷಗಳ ಹಿಂದೆ ಈ ಪ್ರಶ್ನೆ ನಮ್ಮ ನಾಡಿನಲ್ಲಿ ಹುಟ್ಟಿಯೇ ಇರಲಿಲ್ಲ. ಜಗಳೂರು ಸೀಮೆಯ ಬಯಲಾಟಕ್ಕೆ ಟಿಕೆಟ್ ಇರಲಿಲ್ಲ. ಊರು ಅಕ್ಕಿ, ಬೇಳೆ, ಎಣ್ಣೆ ಕೊಟ್ಟಿತು, ಆಟ ಆಯಿತು, ಬೆಳಗಾಯಿತು, ಮುಗಿಯಿತು. 1870ರ ದಶಕದಲ್ಲಿ ಗದುಗಿನಲ್ಲಿ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಎದ್ದಿತು. ಅರಮನೆಯ ಸಭೆಗೆ ನಷ್ಟದ ಭಯವಿರಲಿಲ್ಲ, ಬೊಕ್ಕಸವಿತ್ತು. ಅರಮನೆಯ ಹೊರಗೆ, ಊರೂರು ತಿರುಗಿ, ತಗಡಿನ ಥೇಟರ್ ಕಟ್ಟಿ, ಬಾಗಿಲಲ್ಲಿ ಟಿಕೆಟ್ ಹರಿಯಲು ಶುರುಮಾಡಿದ ದಿನ ನಾಟಕ ವ್ಯಾಪಾರವಾಯಿತು. ಅವತ್ತೇ ಅದರ ಬೆನ್ನಿಗೆ ಸಾಲವೂ ಬಂತು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಹುಟ್ಟಿದ್ದು 1904ರಲ್ಲಿ. ಆಮೇಲೆ ಶಿರಹಟ್ಟಿ ವೆಂಕೋಬರಾಯರು, ಗರೂಡ ಸದಾಶಿವರಾಯರು, ವಾಮನರಾವ್ ಮಾಸ್ತರರು, ಮಹಮದ್ ಪೀರ್, ಸುಬ್ಬಯ್ಯ ನಾಯ್ಡು, ಏಣಗಿ ಬಾಳಪ್ಪ. ಹೆಸರು ಹೇಳುತ್ತಾ ಹೋದರೆ ಉಪನ್ಯಾಸದ ಹೊತ್ತು ಅಷ್ಟಕ್ಕೇ ಸಾಕು.

ಈಗ ಲೆಕ್ಕಕ್ಕೆ ಬರೋಣ. ನಾನು ಹೇಳುವ ಅಂಕಿ ಯಾವ ಕಂಪನಿಯ ಖಾತೆ ಪುಸ್ತಕದ್ದೂ ಅಲ್ಲ. ಲೆಕ್ಕದ ಕಟ್ಟು ಕಾಣಲಿ ಎಂದು ಬೋರ್ಡಿನ ಮೇಲೆ ಬರೆದುಕೊಳ್ಳುವ ಅಂಕಿ ಎಂದುಕೊಳ್ಳಿ. ಒಂದು ಕಂಪನಿ ಚನ್ನಗಿರಿಯಲ್ಲಿ ಎರಡು ತಿಂಗಳ ಕ್ಯಾಂಪ್ ಹಾಕುತ್ತದೆ. ನಟ ನಟಿಯರು, ಹಾರ್ಮೋನಿಯಂ ಮಾಸ್ತರರು, ತಬಲದವರು, ಪರದೆ ಎಳೆಯುವವರು, ಲೈಟಿನವರು, ಅಡುಗೆಯವರು, ಗೇಟ್ ಕಾಯುವವರು ಎಲ್ಲ ಸೇರಿ ನಲವತ್ತು ಜನ. ಸಂಬಳ, ಊಟ, ಜಾಗದ ಬಾಡಿಗೆ, ಕರೆಂಟು, ಆಟೋದಲ್ಲಿ ಮೈಕ್ ಪ್ರಚಾರ, ಪೋಸ್ಟರ್ ಕೂಡಿಸಿ ದಿನಕ್ಕೆ 35,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಹಿಂದಿನ ಊರಿನಿಂದ ಲಾರಿಗಳಲ್ಲಿ ಸಾಮಾನು ತಂದು, ಗುಂಡಿ ತೋಡಿ, ಕಂಬ ನೆಟ್ಟು, ತಗಡು ಹೊಡೆದು, ಸ್ಟೇಜ್ ಕಟ್ಟಲು ಮೊದಲ ಆಟಕ್ಕೆ ಮುಂಚೆಯೇ 3 ಲಕ್ಷ ಹೋಯಿತು. ಅರವತ್ತು ದಿನಕ್ಕೆ 21 ಲಕ್ಷ, ಕಟ್ಟುವ ಖರ್ಚು 3 ಲಕ್ಷ, ಒಟ್ಟು 24 ಲಕ್ಷ. ಟಿಕೆಟ್ ಸರಾಸರಿ ನೂರು ರೂಪಾಯಿ ಆದರೆ 24,000 ಟಿಕೆಟ್ ಹರಿಯಬೇಕು. ಅಂದರೆ ದಿನಕ್ಕೆ 400. ಮಾಲೀಕನಿಗೆ ಒಂದು ರೂಪಾಯಿಯೂ ಉಳಿಯದ, ಬರೀ ಸಮಸಮವಾಗುವ ಲೆಕ್ಕ ಇದು.

ಅರವತ್ತರಲ್ಲಿ ಹತ್ತು ರಾತ್ರಿ ಮಳೆ ಬಂತು ಎನ್ನಿ. ಮಳೆ ಬಂದರೆ ಆಟ ನಿಲ್ಲುತ್ತದೆ, ಊಟ ನಿಲ್ಲುವುದಿಲ್ಲ. ತಗಡಿನ ಮೇಲೆ ಹನಿ ಬಿದ್ದ ಸದ್ದಿಗೆ ನಟನ ಮಾತು ಮೂರನೆ ಸಾಲಿಗೂ ಕೇಳುವುದಿಲ್ಲ. ಉಳಿದ ಐವತ್ತು ರಾತ್ರಿಯಲ್ಲಿ ಅದೇ 24,000 ಟಿಕೆಟ್ ಹರಿಯಬೇಕು ಎಂದರೆ ದಿನಕ್ಕೆ 480. ಹತ್ತು ಮಳೆ ರಾತ್ರಿಗೆ ಪ್ರತಿ ಆಟದ ದಿನವೂ ಐದನೇ ಒಂದು ಪಾಲು ಹೆಚ್ಚು ಜನ ಬರಬೇಕಾಯಿತು. ಮಳೆಗಾಲದಲ್ಲಿ ಕಂಪನಿಗಳು ಯಾಕೆ ತತ್ತರಿಸುತ್ತವೆ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಇದೇ ಲೆಕ್ಕದಲ್ಲಿ ಜಾತ್ರೆಯನ್ನು ಕೂಡಿಸಿ ನೋಡಿ. ಆರುನೂರು ಜನ ಹಿಡಿಯುವ ಥೇಟರ್. ಜಾತ್ರೆಯ ಐದು ದಿನ ದಿನಕ್ಕೆ ಮೂರು ಆಟ, ಎಲ್ಲವೂ ಹೌಸ್‌ಫುಲ್. ಐದು ದಿನಕ್ಕೇ 9,000 ಟಿಕೆಟ್. ಬೇಕಾದ 24,000ದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಐದೇ ದಿನಗಳಲ್ಲಿ ಬಂದುಬಿಟ್ಟಿತು. ಮಿಕ್ಕ ಐವತ್ತೈದು ದಿನಕ್ಕೆ ದಿನಕ್ಕೆ 273 ಜನ ಬಂದರೆ ಸಾಕು. ಬಾದಾಮಿಯ ಬನಶಂಕರಿ ಜಾತ್ರೆ, ಶಿರಸಿಯ ಮಾರಿಕಾಂಬಾ ಜಾತ್ರೆ, ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎಂದರೆ ಕಂಪನಿ ಮಾಲೀಕರು ಜಾಗಕ್ಕಾಗಿ ತಿಂಗಳುಗಟ್ಟಲೆ ಮೊದಲೇ ಓಡಾಡುವುದು ಈ ಕಾರಣಕ್ಕೆ. ಅಲ್ಲಿ ಜಾಗ ಸಿಕ್ಕರೆ ವರ್ಷದ ಬಡ್ಡಿ ಕಟ್ಟಬಹುದು. ಆ ಐದು ದಿನವೇ ಮಳೆಯಾದರೆ, ಅಥವಾ 2020ರ ಮಾರ್ಚ್‌ನಂತೆ ಸೀಸನ್ನಿನ ನಡುವೆಯೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡರೆ, ಆ ವರ್ಷ ಮುಗಿದಂತೆಯೇ.

ಇನ್ನೊಂದು ವಿಷಯವೂ ಇಲ್ಲಿ ಅಡಗಿದೆ. ಇವತ್ತಿನ ಕಂಪನಿ ನಾಟಕಗಳಲ್ಲಿ ದ್ವಂದ್ವಾರ್ಥದ ಮಾತು ಹೆಚ್ಚಾಯಿತು, ಹೆಸರೇ ಕೇಳಲಾಗುವುದಿಲ್ಲ ಎಂದು ಸಭೆಗಳಲ್ಲಿ ಬೈಯುತ್ತೇವೆ. ಬೈಯಬೇಕಾದ್ದೇ. ಆದರೆ ಜಾತ್ರೆಯಿಲ್ಲದ ಐವತ್ತೈದು ರಾತ್ರಿಗಳಲ್ಲಿ ಆ 273 ಜನರನ್ನು ಎಲ್ಲಿಂದ ತರುವುದು ಎಂದು ಮಾಲೀಕ ರಾತ್ರಿಯೆಲ್ಲ ಲೆಕ್ಕ ಹಾಕುತ್ತಾನೆ. ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂತಿರುವಾಗ ಕುಡಿದು ಬರುವ ನಾಲ್ಕು ಜನ ಹುಡುಗರಾದರೂ ಒಳಗೆ ಬರಲಿ ಎನ್ನುವ ಆಸೆಯಿಂದ ಕಾಮಿಕ್ ದೃಶ್ಯ ಉದ್ದವಾಗುತ್ತದೆ. ಅದನ್ನು ಕಂಡು ಹೆಂಗಸರು ಬರುವುದು ನಿಲ್ಲುತ್ತದೆ. ಅವರು ನಿಂತ ಮೇಲೆ ಕಾಮಿಕ್ ಇನ್ನೂ ಉದ್ದವಾಗುತ್ತದೆ. ಅಶ್ಲೀಲ ಅಲ್ಲಿ ರುಚಿಯಿಂದ ಹುಟ್ಟಿದ್ದಕ್ಕಿಂತ ಸಾಲದಿಂದ ಹುಟ್ಟಿದ್ದು ಹೆಚ್ಚು ಎಂಬುದು ನನ್ನ ತಿಳಿವಳಿಕೆ. ಒಪ್ಪದವರು ಇರಬಹುದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಮ್ಮ ನಾಲ್ಕು ತಾಲ್ಲೂಕುಗಳನ್ನು ಕಂಪನಿ ಮ್ಯಾನೇಜರನ ಕಣ್ಣಿನಿಂದ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಆಗಿನ್ನೂ ಹೊನ್ನಾಳಿಯೊಳಗೇ ಇತ್ತು. ಕಾಗದದ ಮೇಲೆ ಒಂದು ಜಿಲ್ಲೆಯಾದರೂ ಜೇಬು ಒಂದೇ ಅಲ್ಲ. ಚನ್ನಗಿರಿಯಲ್ಲಿ ಅಡಿಕೆ. ಕೊಯ್ಲು ಮುಗಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಕೈಗೆ ಬಂದಾಗ ಮುಂದಿನ ಸಾಲಿನ ಕುರ್ಚಿ ಮೊದಲು ತುಂಬುತ್ತದೆ. ಹೊನ್ನಾಳಿಯಲ್ಲಿ ನೀರಾವರಿ ಭತ್ತ, ನ್ಯಾಮತಿ ಕಡೆ ಮೆಕ್ಕೆಜೋಳ. ಕಟಾವಿನ ಲಾರಿ ಹೋದ ವಾರ ಕ್ಯಾಂಪ್ ಹಾಕಿದರೆ ಗೆಲುವು, ನಾಟಿಯ ವಾರ ಹಾಕಿದರೆ ಥೇಟರ್‌ನಲ್ಲಿ ಕಂಪನಿಯವರೇ ಕೂತು ಕಂಪನಿಯ ನಾಟಕ ನೋಡಬೇಕು. ಜಗಳೂರು ಮಳೆ ನಂಬಿದ ಸೀಮೆ. ಈಚೆಗೆ ತುಂಗಭದ್ರೆಯ ನೀರು ಏರಿಸಿ ಐವತ್ತೇಳು ಕೆರೆ ತುಂಬಿಸುವ ಯೋಜನೆ ಬಂದಮೇಲೆ ಸ್ವಲ್ಪ ಬೇರೆ ಮಾತು, ಆದರೆ ಅಲ್ಲಿ ಇವತ್ತಿಗೂ ಕುರ್ಚಿಗಿಂತ ನೆಲದ ಟಿಕೆಟ್ಟೇ ಹೆಚ್ಚು ಹರಿಯುತ್ತದೆ. ಹಳೆಯ ಕಂಪನಿಗಳ ಒಳ್ಳೆಯ ಮ್ಯಾನೇಜರನಿಗೆ ನಾಟಕ ಗೊತ್ತಿರಬೇಕಾಗಿರಲಿಲ್ಲ, ಬೆಳೆ ಗೊತ್ತಿರಬೇಕಿತ್ತು. ಯಾವ ಊರಿಗೆ ಹೋಗಬೇಕು ಎಂಬುದಕ್ಕಿಂತ ಯಾವ ದಿನ ಆ ಊರು ಬಿಡಬೇಕು ಎಂದು ತಿಳಿದವನೇ ದೊಡ್ಡ ಮ್ಯಾನೇಜರು. ಕಲೆಕ್ಷನ್ ಇಳಿಯತೊಡಗಿದ ಮೇಲೂ ‘ಇನ್ನೊಂದು ವಾರ ನೋಡೋಣ’ ಎಂದು ಕೂತವರ ತಗಡನ್ನು ಕೊನೆಗೆ ಸಾಲ ಕೊಟ್ಟವನೇ ಬಿಚ್ಚಿಕೊಂಡು ಹೋದ.

ಖರ್ಚಿನ ಇನ್ನೊಂದು ಬಾಬ್ತು ಮುಂಗಡ. ಹೆಸರು ಮಾಡಿದ ನಟನನ್ನೋ ನಟಿಯನ್ನೋ ಸೇರಿಸಿಕೊಳ್ಳಬೇಕಾದರೆ ಮಾಲೀಕ ಮೊದಲು ದೊಡ್ಡ ಮೊತ್ತದ ಮುಂಗಡ ಕೊಡಬೇಕು. ಅದು ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಮುರಿದುಕೊಳ್ಳುವ ದುಡ್ಡು. ಕಾಗದದ ಮೇಲೆ ಕಲಾವಿದ ಸಾಲಗಾರ, ಮಾಲೀಕ ಸಾಲ ಕೊಟ್ಟವನು. ನಿಜದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಟ್ಟುಬಿದ್ದವರು. ಮುಂಗಡ ತೀರದೆ ಕಲಾವಿದ ಬಿಡುವಂತಿಲ್ಲ. ಕಲಾವಿದ ಬಿಟ್ಟುಹೋದರೆ ಮುಂಗಡವೂ ಹೋಯಿತು, ಪಾತ್ರವೂ ಹೋಯಿತು. ಬೇರೆ ಕಂಪನಿಯವನು ಆ ಮುಂಗಡ ತೀರಿಸಿ ನಟಿಯನ್ನು ಕರೆದೊಯ್ದ ಕತೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮಾಲೀಕನ ಆಸ್ತಿಪಟ್ಟಿಯಲ್ಲಿ ಅತಿ ದೊಡ್ಡ ಆಸ್ತಿ ತಗಡಲ್ಲ, ಸೀನರಿಯಲ್ಲ, ಯಾವ ರಾತ್ರಿಯಾದರೂ ಎದ್ದುಹೋಗಬಹುದಾದ ಮನುಷ್ಯರು. ಒಬ್ಬರ ಕಂಠದ ಮೇಲೆ ನಿಂತ ಕಂಪನಿಗೆ ಆ ಕಂಠದ ನೆಗಡಿಯೂ ನಷ್ಟವೇ. ವರದಾಚಾರ್ಯರು 1926ರಲ್ಲಿ, ಚಂದ್ರಕಲಾ ಮಂಡಳಿಯ ಮಹಮದ್ ಪೀರ್ 1937ರಲ್ಲಿ ತೀರಿಕೊಂಡರು. ಅವರನ್ನು ಬಿಟ್ಟು ರತ್ನಾವಳಿಯನ್ನಾಗಲೀ ಚಂದ್ರಕಲಾ ಮಂಡಳಿಯನ್ನಾಗಲೀ ನೆನೆಯಲು ಸಾಧ್ಯವೇ?

ಗೆದ್ದವರ ಲೆಕ್ಕವೂ ಸರಳವಲ್ಲ. ಗುಬ್ಬಿ ವೀರಣ್ಣನವರು 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ ಕುದುರೆಗಳ ಸಮೇತ ರಂಗಕ್ಕೆ ತಂದರು. ಜನ ಮುಗಿಬಿದ್ದರು. ಆದರೆ ಆನೆಗೆ ಮೇವು ಆಟವಿದ್ದ ದಿನ ಮಾತ್ರ ಹಾಕಿದರೆ ಆಗುತ್ತದೆಯೇ? ವೈಭವದ ಸಂಕಟ ಇದೇ. ಒಮ್ಮೆ ತೋರಿಸಿದ ಮೇಲೆ ಅದಕ್ಕಿಂತ ಕಡಿಮೆ ತೋರಿಸಿದರೆ ಜನ ಮೂಗು ಮುರಿಯುತ್ತಾರೆ. ಗೆದ್ದ ನಾಟಕದ ಲಾಭ ಮಾಲೀಕನ ಮನೆಗೆ ಹೋಗುವ ಮುಂಚೆ ಮುಂದಿನ ನಾಟಕದ ಸೀನರಿಗೆ ಹೋಗುತ್ತದೆ. ವೀರಣ್ಣನವರು ಮೂಕಿಚಿತ್ರದ ಕಾಲದಿಂದಲೂ ಸಿನಿಮಾಕ್ಕೆ ಕೈ ಹಾಕಿದರು. 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಅವರ ಸಂಸ್ಥೆಯ ಹೆಸರಿದೆ. ನಾಟಕದ ದುಡ್ಡನ್ನು ನಾಟಕವನ್ನೇ ಮುಂದೆ ನುಂಗಲಿದ್ದ ವ್ಯಾಪಾರಕ್ಕೆ ಹಾಕಿದ ದೂರದೃಷ್ಟಿ ಅದು. ವ್ಯಂಗ್ಯವಾಗಿ ಹೇಳುತ್ತಿಲ್ಲ, ಲೆಕ್ಕ ಬಲ್ಲವರು ಮಾಡಬೇಕಾದ್ದೇ ಅದು. ಉಲ್ಟಾ ಕತೆಯೂ ಇದೆ. ಕನ್ನಡ ಸಿನಿಮಾದಲ್ಲಿ ಕೆಲಸವಿಲ್ಲದೆ ಕೈ ಬರಿದಾದಾಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತವರ ಸಂಗಡಿಗರು ಊರೂರಲ್ಲಿ ನಾಟಕ ಆಡಿದರು. ಆಮೇಲೆ ಆ ನಾಲ್ವರು ಸೇರಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು.

ಮಾಸ್ಟರ್ ಹಿರಣ್ಣಯ್ಯನವರ ದಾರಿ ಬೇರೆ. ‘ಲಂಚಾವತಾರ’ ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತೆಂದು ಪ್ರಸಿದ್ಧಿ. ಅಲ್ಲಿ ಆನೆಯಿಲ್ಲ, ಕುದುರೆಯಿಲ್ಲ, ಆ ದಿನದ ಪತ್ರಿಕೆಯ ಸುದ್ದಿಯೇ ಬಂಡವಾಳ. ಸಾಮಾನು ಕಡಿಮೆ, ನಾಲಿಗೆ ಹರಿತ. ಬೈಸಿಕೊಂಡ ಅಧಿಕಾರಿಯೇ ಮರುದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ. ಹಣಕಾಸಿನ ದೃಷ್ಟಿಯಿಂದ ಕನ್ನಡ ವೃತ್ತಿ ರಂಗಭೂಮಿಯ ಅತ್ಯಂತ ಜಾಣ ನಾಟಕ ಅದು ಎಂದು ನಾನು ಹೇಳುತ್ತೇನೆ. ಆದರೆ ಆ ನಾಲಿಗೆ ಇನ್ನೊಬ್ಬರಿಗೆ ಬರಲಿಲ್ಲ. 2019ರಲ್ಲಿ ಅವರು ಹೋದರು, ಆ ಬಂಡವಾಳವೂ ಅವರ ಜೊತೆ ಹೋಯಿತು.

ನಮ್ಮ ಜಿಲ್ಲೆಯ ಹೆಮ್ಮೆ ಚಿಂದೋಡಿ ಲೀಲಾ. ತಂದೆ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯಲ್ಲಿ ಬೆಳೆದು, ನಟಿಯಾಗಿ ಹೆಸರು ಮಾಡಿ, ಮುಂದೆ ಕಂಪನಿಯ ಭಾರವನ್ನೂ ಹೊತ್ತವರು. ‘ಪೊಲೀಸನ ಮಗಳು’ ಎಂದರೆ ಇವತ್ತಿಗೂ ಹೊನ್ನಾಳಿ ಕಡೆಯ ಹಿರಿಯರ ಮುಖ ಅರಳುತ್ತದೆ. 1988ರಲ್ಲಿ ಪದ್ಮಶ್ರೀ ಬಂತು, 2010ರ ಜನವರಿಯಲ್ಲಿ ತೀರಿಕೊಂಡರು. ಹೆಣ್ಣೊಬ್ಬಳು ನಲವತ್ತು ಐವತ್ತು ಜನರ ಹೊಟ್ಟೆಯ ಹೊಣೆ ಹೊತ್ತು, ಜಾಗಕ್ಕೆ ಅರ್ಜಿ ಹಿಡಿದು ಕಚೇರಿ ಸುತ್ತಿ, ರಾತ್ರಿ ಬಣ್ಣ ಹಚ್ಚಿ ನಿಲ್ಲುವುದು ಎಂಥ ಕೆಲಸ ಎಂಬುದನ್ನು ಪ್ರಶಸ್ತಿಪತ್ರಗಳಲ್ಲಿ ಬರೆಯುವುದಿಲ್ಲ. ಅವರ ಮನೆತನದ ಚಿಂದೋಡಿ ಬಂಗಾರೇಶ್ 1995ರಲ್ಲಿ ಪಂಚಾಕ್ಷರಿ ಗವಾಯಿಗಳ ಮೇಲೆ ಚಿತ್ರ ನಿರ್ದೇಶಿಸಿದರು. ಹಂಸಲೇಖ ಅವರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಗಾಯನಕ್ಕೂ ಅದು ರಾಷ್ಟ್ರಪ್ರಶಸ್ತಿ ತಂದಿತು.

ಗವಾಯಿಗಳ ಹೆಸರು ಬಂತು, ಅವರ ಹೆಸರಿನ ನಾಟ್ಯಸಂಘವನ್ನು ಬಿಟ್ಟು ಮುಂದೆ ಹೋಗಲಾಗದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ಒಂದು ನಾಟಕ ಕಂಪನಿ ನಡೆಯಿತು. ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದು, ಸಂಗೀತ ಕೂಡಿಸಿ, ಹಾರ್ಮೋನಿಯಂ ಮುಂದೆ ಕೂತರು. ಆ ಕಂಪನಿಯ ಲಾಭ ಯಾರದು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಿತ್ತು. ಆದ್ದರಿಂದಲೇ ಊರಿನ ಜನ ಅಲ್ಲಿಗೆ ಹೋಗುವಾಗ ಟಿಕೆಟ್ಟಿನ ಜೊತೆಗೆ ಅಕ್ಕಿಯನ್ನೂ ಒಯ್ದರು. ನಷ್ಟವನ್ನು ಊರೇ ಹಂಚಿಕೊಂಡ ಕಂಪನಿ ಅದು.

ನಷ್ಟ ಹಂಚಿಕೊಳ್ಳುವ ಈ ವಿದ್ಯೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಯಾರಿಗೆ ಎಂದರೆ, ನಿಮಗೆ. ಚನ್ನಗಿರಿ, ನ್ಯಾಮತಿ, ಜಗಳೂರಿನ ಹಳ್ಳಿ ಹುಡುಗರಿಗೆ. ಯುಗಾದಿಗೋ ಊರ ಜಾತ್ರೆಗೋ ನಾಟಕ ಎಂದು ಗುಡಿಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯೋ ಪಿ.ಬಿ. ಧುತ್ತರಗಿಯವರ ‘ಮುದುಕನ ಮದುವೆ’ಯೋ ಗೊತ್ತಾಗುತ್ತದೆ. ಡ್ರಾಮಾ ಮೇಷ್ಟ್ರು ಬರುತ್ತಾರೆ, ಶಾಲೆಯ ಕೋಣೆಯಲ್ಲಿ ತಾಲೀಮು ನಡೆಯುತ್ತದೆ, ಮೇಷ್ಟ್ರ ಊಟ ದಿನಕ್ಕೊಂದು ಮನೆಯಲ್ಲಿ. ಹೆಣ್ಣು ಪಾತ್ರಕ್ಕೆ ದಾವಣಗೆರೆಯಿಂದಲೋ ಚಿತ್ರದುರ್ಗದಿಂದಲೋ ಕಲಾವಿದೆಯರು, ಬಾಡಿಗೆಯ ಸೀನ್ಸು, ಬಾಡಿಗೆಯ ಮೈಕು, ಬಾಡಿಗೆಯ ಡ್ರೆಸ್ಸು. ಖರ್ಚು ಲಕ್ಷ ದಾಟುತ್ತದೆ, ಟಿಕೆಟ್ ಒಂದೂ ಇಲ್ಲ! ಆದರೂ ಮರುದಿನ ಬೆಳಿಗ್ಗೆ ಯಾರ ಮನೆಯೂ ಹರಾಜಾಗುವುದಿಲ್ಲ.

ಹೇಗೆ? ಮೊದಲನೆಯದಾಗಿ ಪಾತ್ರ ಮಾಡುವವನೇ ದುಡ್ಡು ಹಾಕುತ್ತಾನೆ. ಹೀರೋಗೆ ಹೆಚ್ಚು, ಸೇವಕನಿಗೆ ಕಡಿಮೆ. ತುಮಕೂರು, ಬೆಂಗಳೂರು ಗ್ರಾಮಾಂತರದ ಕಡೆ ಕುರುಕ್ಷೇತ್ರ ಆಡುವವರಲ್ಲಿ ಇದು ಇನ್ನೂ ಮುಂದುವರಿದಿದೆ. ಅಲ್ಲಿ ದುರ್ಯೋಧನನ ಪಾತ್ರಕ್ಕೆ ದರವೇ ಇದೆ. ವೃತ್ತಿ ಕಂಪನಿಯಲ್ಲಿ ನಟನಿಗೆ ಮಾಲೀಕ ಮುಂಗಡ ಕೊಟ್ಟರೆ, ಇಲ್ಲಿ ನಾಟಕಕ್ಕೆ ನಟನೇ ಮುಂಗಡ ಕೊಡುತ್ತಾನೆ. ಎರಡನೆಯದು ಕರಪತ್ರ. ನಮ್ಮ ಹಳ್ಳಿ ನಾಟಕದ ಕರಪತ್ರ ನೋಡಿದ ಹೊರಗಿನವರು ನಗುತ್ತಾರೆ. ನಾಟಕದ ಹೆಸರು ಒಂದು ಮೂಲೆಯಲ್ಲಿ, ಉದ್ಘಾಟಕರು, ಜ್ಯೋತಿ ಬೆಳಗಿಸುವವರು, ಅಧ್ಯಕ್ಷತೆ, ಉಪಸ್ಥಿತಿ, ಮುಖ್ಯ ಅತಿಥಿಗಳು ಎಂದು ಅರವತ್ತು ಎಪ್ಪತ್ತು ಹೆಸರು. ನಗಬೇಕಾಗಿಲ್ಲ. ಒಂದೊಂದು ಹೆಸರಿನ ಹಿಂದೆ ಒಂದೊಂದು ನೋಟಿದೆ. ಸೀನ್ಸಿನವರಿಗೆ ಕೊಡಬೇಕಾದ ಹಣ ಆ ಹಾಳೆಯಲ್ಲೇ ಅಚ್ಚಾಗಿದೆ. ನಾಟಕ ಶುರುವಾಗಲು ಹನ್ನೊಂದಾಗುವುದು ಆ ಎಪ್ಪತ್ತು ಜನರಿಗೂ ಹಾರ ಹಾಕಿ ಮುಗಿಯಬೇಕಾದ್ದರಿಂದ. ಮೂರನೆಯದು ಆಟದ ನಡುವೆ ಮೈಕಿನಲ್ಲಿ ಕೂಗುವ ಬಹುಮಾನ. ಇಂಥವರಿಂದ ಇಂಥ ಪಾತ್ರಕ್ಕೆ ನೂರೊಂದು ರೂಪಾಯಿ ಎಂದು ಕತೆಯ ಬಿಸಿಯಲ್ಲೇ ನಿಲ್ಲಿಸಿ ಕೂಗುತ್ತಾರೆ. ರಸಭಂಗ ನಿಜ, ಆದರೆ ಕೊರತೆ ಬಿದ್ದ ಐದು ಸಾವಿರ ಹೀಗೇ ಕೂಡುತ್ತದೆ.

ಹೀಗೆ ಲಕ್ಷ ರೂಪಾಯಿಯ ನಷ್ಟ ನೂರು ಮನೆಗೆ ಹಂಚಿಹೋಗುತ್ತದೆ. ತಲಾ ಸಾವಿರ ಹೋದರೆ ಯಾರೂ ಅದನ್ನು ನಷ್ಟ ಎನ್ನುವುದಿಲ್ಲ, ಹಬ್ಬದ ಖರ್ಚು ಎನ್ನುತ್ತಾರೆ. ಅದೇ ಒಂದು ಲಕ್ಷ ಒಬ್ಬ ಮಾಲೀಕನ ತಲೆ ಮೇಲೆ ಬಿದ್ದರೆ ಹೆಂಡತಿಯ ಬಳೆ ಗಿರವಿ ಅಂಗಡಿಗೆ ಹೋಗುತ್ತದೆ.

ದೂರದ ದೊಡ್ಡ ದೊಡ್ಡ ಥೇಟರುಗಳಲ್ಲೂ ಬೇರೆ ಗುಟ್ಟೇನಿಲ್ಲ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಸ್ಪೈಡರ್‌ಮ್ಯಾನ್’ ಸಂಗೀತ ನಾಟಕಕ್ಕೆ ಸುಮಾರು 75 ದಶಲಕ್ಷ ಡಾಲರ್ ಸುರಿದರು. 2014ರ ಜನವರಿಯಲ್ಲಿ ಮುಚ್ಚಿದಾಗ ಅದರ ಬಹುಪಾಲು ಮುಳುಗಿತ್ತು. ಅದೇ ಊರಿನಲ್ಲಿ ‘ಫ್ಯಾಂಟಮ್ ಆಫ್ ದಿ ಆಪೆರಾ’ 1988ರಿಂದ 2023ರವರೆಗೆ 13,981 ಪ್ರಯೋಗ ಕಂಡಿತು. ಅಲ್ಲೂ ಹೆಚ್ಚಿನ ಸಂಗೀತ ನಾಟಕಗಳು ಹಾಕಿದ ದುಡ್ಡನ್ನು ವಾಪಸು ತರುವುದಿಲ್ಲ. ಆದರೆ ಒಂದೊಂದು ನಾಟಕಕ್ಕೆ ಒಂದೊಂದು ಬೇರೆ ಸಂಸ್ಥೆ ನೋಂದಾಯಿಸುತ್ತಾರೆ, ಹಲವು ಹೂಡಿಕೆದಾರರು ಪಾಲು ಹಾಕುತ್ತಾರೆ. ಮುಳುಗಿದರೆ ಆ ನಾಟಕ ಮುಳುಗುತ್ತದೆ, ಮನೆ ಮುಳುಗುವುದಿಲ್ಲ. ಅಲ್ಲೂ ಹುಚ್ಚರಿಲ್ಲವೆಂದಲ್ಲ. 1981ರಲ್ಲಿ ಲಂಡನ್ನಿನಲ್ಲಿ ‘ಕ್ಯಾಟ್ಸ್’ ತರುವಾಗ ಆಂಡ್ರೂ ಲಾಯ್ಡ್ ವೆಬರ್ ಮನೆಯನ್ನು ಎರಡನೆ ಬಾರಿ ಅಡವಿಟ್ಟಿದ್ದ. ಆ ನಾಟಕ ಇಪ್ಪತ್ತೊಂದು ವರ್ಷ ಓಡಿ ಅವನನ್ನು ಉಳಿಸಿತು. ನಮ್ಮ ಕಂಪನಿ ಮಾಲೀಕರ ಜಾತಿಯವನೇ!

ಹತ್ತಿರದ ಉದಾಹರಣೆ ಬೇಕೆಂದರೆ ಚನ್ನಗಿರಿಗೆ ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿಯ ಶಿವಸಂಚಾರ 1997ರಿಂದ, ಅದಕ್ಕೂ ಮೊದಲು ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ, ಒಂದು ಪದ್ಧತಿ ಹಾಕಿಕೊಟ್ಟಿವೆ. ತಂಡ ಊರಿಗೆ ಬರುವ ಮುಂಚೆಯೇ ಊರಿನ ಸಂಘಟಕರು ಪ್ರಯೋಗಕ್ಕೆ ಇಷ್ಟು ಎಂದು ಒಪ್ಪಿಕೊಂಡಿರುತ್ತಾರೆ. ಟಿಕೆಟ್ ಮಾರುತ್ತಾರೋ, ಚಂದಾ ಎತ್ತುತ್ತಾರೋ, ಅದು ಊರಿನವರ ಜವಾಬ್ದಾರಿ. ಅವು ವೃತ್ತಿ ಕಂಪನಿಗಳಲ್ಲ, ಅವುಗಳ ಉದ್ದೇಶ ಬೇರೆ, ಬೆನ್ನಿಗೆ ಮಠವೋ ಸಂಸ್ಥೆಯೋ ಇದೆ ಎಂದು ಕಂಪನಿಯವರು ಹೇಳುವುದು ಸರಿ. ಆದರೆ ಹಳೆಯ ಕಂಪನಿಗಳಲ್ಲೂ ಇದೇ ಕ್ರಮಕ್ಕೆ ಹೆಸರಿತ್ತು, ಕಂತ್ರಾಟು ನಾಟಕ ಎಂದು. ಊರಿನ ಒಬ್ಬರೋ ಒಂದು ಸಂಘವೋ ಇಡೀ ರಾತ್ರಿಯ ಆಟವನ್ನು ಗುತ್ತಿಗೆ ಹಿಡಿಯುವುದು. ಶಾಲೆಯ ಕಟ್ಟಡಕ್ಕೋ ಗುಡಿಯ ಗೋಪುರಕ್ಕೋ ಸಹಾಯಾರ್ಥ ನಾಟಕ ಎಂದು ಕಂಪನಿಗಳು ಆಡಿದ್ದೆಷ್ಟು! ನಮ್ಮ ಎಷ್ಟೋ ಊರುಗಳಲ್ಲಿ ಶಾಲೆಯ ಹೆಂಚು, ಕಾಲೇಜಿನ ಕೋಣೆ ನಾಟಕದ ದುಡ್ಡಿನವು. ಊರು ಕಂಪನಿಯಿಂದ ಪಡೆದದ್ದನ್ನು ಹೇಳುವ ಕಲ್ಲು ಮಾತ್ರ ಎಲ್ಲೂ ನೆಟ್ಟಿಲ್ಲ.

ಈಗ ಏನು ಮಾಡಬಹುದು? ಸರ್ಕಾರ ವೃತ್ತಿ ಕಂಪನಿಗಳಿಗೆ ಅನುದಾನ ಕೊಡುತ್ತಿದೆ, ನಮ್ಮ ಕೊಂಡಜ್ಜಿಯಲ್ಲಿ ವೃತ್ತಿ ರಂಗಭೂಮಿಗೆಂದೇ ರಂಗಾಯಣ ಮಾಡಿದೆ. ನಾಟಕದ ಟಿಕೆಟ್ 500 ರೂಪಾಯಿ ಮೀರದಿದ್ದರೆ ಜಿ.ಎಸ್.ಟಿ. ಇಲ್ಲ, ಕಂಪನಿ ಟಿಕೆಟ್ ಅದಕ್ಕಿಂತ ಬಹಳ ಕೆಳಗೇ ಇದೆ. ಇಷ್ಟು ಆಗಿದೆ. ಮಿಕ್ಕದ್ದು ನಮ್ಮ ಕೈಲಿದೆ.

ನಾವು ಇವತ್ತು ದತ್ತಿಯ ಹೆಸರಿನಲ್ಲಿ ಸೇರಿದ್ದೇವೆ. ಅಸಲು ಮುಟ್ಟದೆ ಬಡ್ಡಿಯಿಂದ ಕೆಲಸ ನಡೆಸುವುದು ದತ್ತಿ. ಕನ್ನಡದ ಕಂಪನಿ ಮಾಲೀಕರು ಎಷ್ಟೋ ಗುಣಗಳನ್ನು ಹೊಂದಿದ್ದರು, ಈ ಒಂದು ಅಭ್ಯಾಸ ಅವರಲ್ಲಿ ಕಾಣುವುದು ಅಪರೂಪ. ಕಂಪನಿಗಳ ಮಳೆ ರಾತ್ರಿಗೆಂದು ಒಂದು ದತ್ತಿ ಇಡಬಾರದೇಕೆ ಎಂದು ಯೋಚಿಸಿ, ಲೆಕ್ಕ ಹಾಕಿ ನೋಡಿದೆ. ಹತ್ತು ಲಕ್ಷ ರೂಪಾಯಿ ಬ್ಯಾಂಕಿನಲ್ಲಿಟ್ಟು ನೂರಕ್ಕೆ ಏಳರಂತೆ ಬಡ್ಡಿ ಬಂದರೆ ವರ್ಷಕ್ಕೆ 70,000. ನಾನು ಮೊದಲು ಹೇಳಿದ ಲೆಕ್ಕದಲ್ಲಿ ಅದು ಎರಡೇ ಎರಡು ರಾತ್ರಿಯ ಖರ್ಚು. ಆದ್ದರಿಂದ ದತ್ತಿಯೊಂದರಿಂದಲೇ ಕಂಪನಿ ಉಳಿಯುತ್ತದೆ ಎಂದು ಹೇಳಿ ನಿಮ್ಮಿಂದ ಚಪ್ಪಾಳೆ ಪಡೆಯಲಾರೆ. ಅದಕ್ಕಿಂತ ದೊಡ್ಡ ಉಳಿತಾಯ ಜಾಗದಲ್ಲಿದೆ. ಪಟ್ಟಣ ಪಂಚಾಯಿತಿ, ಪುರಸಭೆ, ಎ.ಪಿ.ಎಂ.ಸಿ., ಜಾತ್ರಾ ಸಮಿತಿ ಮನಸ್ಸು ಮಾಡಿ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಜಾಗ ಗೊತ್ತುಮಾಡಲಿ. ನೆಲ ಗಟ್ಟಿ ಮಾಡಿ, ಕರೆಂಟು, ನೀರು, ಶೌಚಾಲಯ ಕೊಟ್ಟು, ಕಂಬದ ಗುಂಡಿಗಳನ್ನು ಖಾಯಂ ಮಾಡಿಬಿಟ್ಟರೆ ಪ್ರತಿ ಕ್ಯಾಂಪಿನ ಕಟ್ಟುವ ಖರ್ಚು ಬಹಳ ಇಳಿಯುತ್ತದೆ. ನಾಲ್ಕೂ ಊರಿನವರು ಕೂತು ಬೆಳೆ ನೋಡಿಕೊಂಡು ಒಂದು ಸರದಿ ಹಾಕಿಕೊಟ್ಟರೆ, ಚನ್ನಗಿರಿ ಬಿಟ್ಟ ಕಂಪನಿ ಹೊನ್ನಾಳಿಗೆ, ಹೊನ್ನಾಳಿ ಬಿಟ್ಟದ್ದು ನ್ಯಾಮತಿಗೆ, ಅಲ್ಲಿಂದ ಜಗಳೂರಿಗೆ ಹೋಗಬಹುದು. ಲಾರಿ ಬಾಡಿಗೆಯೂ ಉಳಿಯುತ್ತದೆ. ಪ್ರತಿ ಕ್ಯಾಂಪಿನಲ್ಲಿ ಐದು ರಾತ್ರಿಯನ್ನು ಊರಿನ ಸಂಘಗಳು ಕಂತ್ರಾಟು ಹಿಡಿದರೆ ಆ ಐದು ರಾತ್ರಿಯ ಮಟ್ಟಿಗಾದರೂ ಮಾಲೀಕನಿಗೆ ನಷ್ಟದ ಭಯವಿಲ್ಲ. ಅಷ್ಟಾದರೆ ಕಾಮಿಕ್ಕನ್ನು ಕತ್ತರಿಸಿ ಎಂದು ಮಾಲೀಕನಿಗೆ ಹೇಳುವ ಹಕ್ಕೂ ನಮಗೆ ಬರುತ್ತದೆ.

ಕಡೆಯ ಮಾತು ಪಾಸಿನದು. ಕಂಪನಿ ಊರಿಗೆ ಬಂದ ಮೊದಲ ವಾರ ಮ್ಯಾನೇಜರ್ ಹಂಚುವುದು ಕರಪತ್ರವನ್ನಲ್ಲ, ಪಾಸನ್ನು. ಆಫೀಸಿನವರಿಗೆ, ಠಾಣೆಯವರಿಗೆ, ಕರೆಂಟಿನವರಿಗೆ, ಮುಖಂಡರಿಗೆ, ಮುಖಂಡರ ಮನೆಯವರಿಗೆ, ಸಾಹಿತ್ಯ ಬಲ್ಲ ನಮ್ಮಂಥವರಿಗೂ. ಆರುನೂರು ಸೀಟಿನಲ್ಲಿ ಮುಂದಿನ ಅರವತ್ತು ಪುಕ್ಕಟೆ ಹೋದರೆ, ಅವು ನೂರು ರೂಪಾಯಿಯ ಸೀಟುಗಳಲ್ಲ, ಅತಿ ದುಬಾರಿ ಸೀಟುಗಳು. ಟಿಕೆಟ್ ಕೊಳ್ಳಲು ಶಕ್ತಿ ಇಲ್ಲದವನು ಪಾಸ್ ಕೇಳಿದ್ದನ್ನು ನಾನು ಕಂಡಿಲ್ಲ, ಕೇಳುವವರೆಲ್ಲ ಶಕ್ತಿ ಇದ್ದವರೇ. ಈ ಸಭೆಯಲ್ಲಿ ಅಧಿಕಾರಿಗಳಿದ್ದಾರೆ, ಜನಪ್ರತಿನಿಧಿಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ. ಮುಂದಿನ ಸಲ ನಿಮ್ಮೂರಿನ ಬಯಲಿನಲ್ಲಿ ತಗಡು ಎದ್ದರೆ, ದಯವಿಟ್ಟು ಮ್ಯಾನೇಜರಿಗೆ ಫೋನ್ ಮಾಡಬೇಡಿ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ, ಗಲ್ಲಾದ ಮುಂದೆ ನಿಂತು, ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳಿ.